ಸುದ್ದಿ ಹಳಸುವ ಮುನ್ನ: ಊರ ತಂಡಗಳು ಪ್ರಹಸನ ಬರೆಯುವ ಬಗೆ

ಪ್ರಚಲಿತ ಸುದ್ದಿಯೊಂದನ್ನು ಹಿಡಿದು ಐದರಿಂದ ಹತ್ತು ನಿಮಿಷದೊಳಗೆ ನಗಿಸಿ ಮುಗಿಸುವ ಕಿರುನಾಟಕವೇ ಪ್ರಹಸನ. ಕಾಲೇಜಿನ ಹುಡುಗರು ಅದನ್ನು ಸ್ಕಿಟ್ ಎನ್ನುತ್ತಾರೆ. ಇದಕ್ಕೆ ಉದ್ದನೆಯ ಕಥೆ ಬೇಡ, ಬಾಡಿಗೆ ಸೀನರಿ ಬೇಡ, ಹಾರ್ಮೋನಿಯಂ ಮಾಸ್ತರನೂ ಕಡ್ಡಾಯವಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಸುದ್ದಿ, ಮೂರ್ನಾಲ್ಕು ಪಾತ್ರ, ಒಂದು ಸಿಕ್ಕು, ಕೊನೆಗೊಂದು ತಿರುವು ಇದ್ದರೆ ಆಯಿತು. ಜಾತ್ರೆಯ ದೊಡ್ಡ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಪ್ರಹಸನಕ್ಕೆ ಒಂದು ವಾರ ಸಾಕು. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಸುದ್ದಿಯೇ ಹಳಸಿಬಿಡುತ್ತದೆ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಇದಕ್ಕೆ ಜಾಗಗಳು ಬೇಕಾದಷ್ಟಿವೆ. ಗಣೇಶನ ಪೆಂಡಾಲು, ಶಾಲೆಯ ಗ್ಯಾದರಿಂಗು, ಕಾಲೇಜಿನ ಯುವಜನೋತ್ಸವ, ಜಾತ್ರೆಯಲ್ಲಿ ದೊಡ್ಡ ನಾಟಕದ ಪರದೆ ಏಳುವ ಮುಂಚಿನ ಹೊತ್ತು, ಎಲ್ಲ ಕಡೆಯೂ ಜನ ಆಗಲೇ ಕೂತಿರುತ್ತಾರೆ. ಸಿಂಧನೂರು ಪೇಟೆಯಂಥ ಕಡೆಯಿರಲಿ, ಮುಕ್ಕುಂದದಂಥ ಹಳ್ಳಿಯಿರಲಿ, ನಾಲ್ಕು ಜನ ಹುಡುಗರು ಸೇರಿದ ಕಡೆ ಒಂದು ತಂಡ ಕಟ್ಟಬಹುದು. ಆದರೆ ಹೆಚ್ಚಿನ ತಂಡಗಳು ಎಡವುವುದು ನಟನೆಯಲ್ಲಲ್ಲ, ಬರವಣಿಗೆಯಲ್ಲಿ. ಟಿವಿಯ ಹಾಸ್ಯ ಕಾರ್ಯಕ್ರಮದಲ್ಲಿ ಕಂಡದ್ದನ್ನೇ ಊರ ಸ್ಟೇಜಿಗೆ ತಂದು ಒಪ್ಪಿಸಿದರೆ ಜನ ಸೌಜನ್ಯಕ್ಕೆ ನಗುತ್ತಾರೆ, ಮರುದಿನ ಮರೆಯುತ್ತಾರೆ. ತಮ್ಮ ಊರಿನ ಸುದ್ದಿಯನ್ನು ತಮ್ಮದೇ ಮಾತಿನಲ್ಲಿ ಬರೆದ ತಂಡಕ್ಕೆ ಮಾತ್ರ ಮುಂದಿನ ವರ್ಷವೂ ಕರೆ ಬರುತ್ತದೆ.

ಕನ್ನಡದಲ್ಲಿ ಈ ದಾರಿ ಹೊಸದಲ್ಲ. 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ಬರೆದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರು ಪಡೆದಿದೆ. ಹಣಕ್ಕಾಗಿ ಹೆಣ್ಣುಮಕ್ಕಳನ್ನು ಮುದುಕರಿಗೆ ಮದುವೆ ಮಾಡಿಕೊಡುತ್ತಿದ್ದ ಆ ಕಾಲದ ಪದ್ಧತಿಯೇ ಅದರ ವಸ್ತು. ನಾಟಕವೆಂದರೆ ಪುರಾಣವೆಂದೇ ತಿಳಿದಿದ್ದ ದಿನಗಳಲ್ಲಿ ಅದು ಹವ್ಯಕರ ಆಡುನುಡಿಯಲ್ಲಿ ಬಂತು. ತನ್ನ ಸುತ್ತಲಿನ ಸಂಗತಿಯನ್ನು ತನ್ನ ಸುತ್ತಲಿನವರ ಮಾತಿನಲ್ಲೇ ಹಾಸ್ಯ ಮಾಡುವ ಸೂತ್ರ ಅಲ್ಲಿಂದಲೇ ಸಿದ್ಧವಾಗಿದೆ.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಪುಸ್ತಕದ ಸೂತ್ರವೂ ಬೇಕಿರಲಿಲ್ಲ. ದೊಡ್ಡಾಟದಲ್ಲಿ ರಾಜರೆಲ್ಲ ಗ್ರಾಂಥಿಕವಾಗಿ ಗರ್ಜಿಸುತ್ತಿದ್ದರೆ ಸಾರಥಿ ಊರ ಮಾತಿನಲ್ಲಿ ಅವರನ್ನು ‘ನೀವ್ಯಾರು, ಎಲ್ಲಿಂದ ಬಂದಿರಿ’ ಎಂದು ಕೆಣಕುತ್ತ ಊರ ಸುದ್ದಿಯನ್ನೂ ನಡುವೆ ತೂರಿಸುತ್ತಾನೆ. ಹಗಲುವೇಷದವರು ಊರಿಗೆ ಬಂದು ದಿನಕ್ಕೊಂದು ವೇಷ ಕಟ್ಟಿ ಬೀದಿಯಲ್ಲೇ ಆಡುತ್ತಿದ್ದರು. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿಗಳು ಹೊರಡುತ್ತವೆ. ಸೋಗು ಹಾಕಿದವನಿಗೆ ಆ ದಿನದ ಮಟ್ಟಿಗೆ ಯಾರನ್ನು ಬೇಕಾದರೂ ಆಡಿಕೊಳ್ಳುವ ಪರವಾನಗಿ ಇರುತ್ತದೆ.

ಕಂಪನಿ ನಾಟಕಗಳ ಕಾಲಕ್ಕೆ ಈ ಪರವಾನಗಿಯನ್ನು ಪೂರ್ತಿ ಬಳಸಿಕೊಂಡವರು ಮಾಸ್ಟರ್ ಹಿರಣ್ಣಯ್ಯ (1934–2019). ಅವರ ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡದ್ದು ಕಥೆಯ ಬಲದಿಂದಷ್ಟೇ ಅಲ್ಲ. ಅಂದಿನ ಪತ್ರಿಕೆಯ ಸುದ್ದಿ ಅಂದು ರಾತ್ರಿಯ ಮಾತಿನೊಳಗೆ ಬಂದು ಕೂರುತ್ತಿತ್ತು. ಕಳೆದ ತಿಂಗಳು ನೋಡಿದವರೂ ಈ ಸಲ ಯಾರ ಸರದಿಯೋ ನೋಡೋಣವೆಂದು ಟಿಕೆಟ್ ಕೊಳ್ಳುತ್ತಿದ್ದರು. ಹವ್ಯಾಸಿ ತಂಡಗಳು ಅವರಿಂದ ಕಲಿಯಬೇಕಾದದ್ದು ಆ ನಿರರ್ಗಳ ಮಾತನ್ನಲ್ಲ, ಅದು ಎಲ್ಲರಿಗೂ ದಕ್ಕುವಂಥದ್ದಲ್ಲ. ಕಟ್ಟು ಹಳೆಯದಾಗಿರಲಿ, ಸುದ್ದಿಗೆ ಮಾತ್ರ ಅದರೊಳಗೆ ಖಾಲಿ ಜಾಗ ಬಿಟ್ಟಿರಲಿ ಎಂಬ ಉಪಾಯವನ್ನು ಕಲಿಯಬಹುದು.

ಬೀದಿನಾಟಕದವರು ಇನ್ನೊಂದು ದಾರಿ ಹಾಕಿದರು. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ 1979ರಲ್ಲಿ ರಾಜ್ಯದುದ್ದಕ್ಕೂ ಸಾಂಸ್ಕೃತಿಕ ಜಾಥಾ ನಡೆಸಿತು. 1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಮತ್ತು ಅದರ ಬೆನ್ನಿಗೆ ಬಂದ ಸಾಕ್ಷರತಾ ಆಂದೋಲನ ಹಳ್ಳಿಹಳ್ಳಿಯ ಯುವಕರ ಕೈಗೆ ದಮ್ಮಡಿ, ಹಾಡು, ಕಿರುನಾಟಕ ಕೊಟ್ಟಿತು. ಹೊರಗಿನ ಲೋಕದಲ್ಲೂ ಇದೇ ನಡೆದಿತ್ತು. 1923ರಲ್ಲಿ ಮಾಸ್ಕೋದಲ್ಲಿ ಶುರುವಾದ ‘ನೀಲಿ ಅಂಗಿ’ ತಂಡದವರು ಪತ್ರಿಕೆಯ ಸುದ್ದಿಯನ್ನೇ ಹಾಡು, ಹಾಸ್ಯ, ಕಸರತ್ತು ಬೆರೆಸಿ ಆಡಿ ತೋರಿಸುತ್ತಿದ್ದರು. ಓದು ಬಾರದ ಕಾರ್ಮಿಕನಿಗೆ ಅದೇ ಪತ್ರಿಕೆಯಾಗಿತ್ತು.

ಇನ್ನು ಬರವಣಿಗೆ. ಮೊದಲ ಕೆಲಸ ಸುದ್ದಿ ಆರಿಸುವುದು, ಅಲ್ಲಿಯೇ ಅರ್ಧ ಗೆಲುವು ಅಥವಾ ಸೋಲು ನಿರ್ಧಾರವಾಗುತ್ತದೆ. ಪ್ರೇಕ್ಷಕರಿಗೆ ಸುದ್ದಿಯನ್ನು ಬಿಡಿಸಿ ಹೇಳಬೇಕಾಗಿ ಬಂದರೆ ಅದು ಪ್ರಹಸನಕ್ಕೆ ಆಗಿಬರುವ ಸುದ್ದಿಯಲ್ಲ. ದೆಹಲಿಯ ಮಸೂದೆಯೊಂದರ ವಿವರ ಹೇಳುವುದರಲ್ಲೇ ಮೂರು ನಿಮಿಷ ಹೋದರೆ ನಗಲು ಉಳಿಯುವುದು ಎರಡೇ ನಿಮಿಷ. ಹೋಟೆಲ್ಲಿನ ಬೆಂಚಿನ ಮೇಲೆ, ಗೊಬ್ಬರದಂಗಡಿಯ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ಜನ ಆಗಲೇ ಯಾವುದರ ಬಗ್ಗೆ ಗೊಣಗುತ್ತಿದ್ದಾರೋ ಅದೇ ಸರಿಯಾದ ವಸ್ತು. ಗೊಣಗಾಟವೆಂದರೆ ಅರ್ಧ ಬರೆದಿಟ್ಟ ಹಾಸ್ಯ. ಬರೆಯುವವರು ಉಳಿದರ್ಧ ಬರೆಯಬೇಕು.

ಸುದ್ದಿಗಳಿಗೆ ಆಯುಷ್ಯವೂ ಬೇರೆಬೇರೆ. ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆ 2021ರ ಏಪ್ರಿಲ್ 17ರಂದು ನಡೆಯಿತು. ಆ ಹೊತ್ತಿಗೆ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರ ಹೋರಾಟವೂ ಕಾವೇರಿತ್ತು. ಪ್ರಚಾರದ ಅಬ್ಬರವನ್ನು ಕುರಿತ ಹಾಸ್ಯ ಮೇ 2ರಂದು ಮತ ಎಣಿಕೆಯಾದ ಸಂಜೆಗೇ ಸತ್ತುಹೋಗುವಂಥದ್ದು. ಕಾಲುವೆಯ ಬೇಡಿಕೆ ಕುರಿತದ್ದು ಇನ್ನೂ ಹಲವು ವರ್ಷ ಬಾಳಬಲ್ಲದು. ಚುನಾವಣೆಯ ಪ್ರಹಸನ ಬರೆಯಬಾರದೆಂದಲ್ಲ, ಯಾವುದನ್ನು ಇಂದೇ ಆಡಬೇಕು, ಯಾವುದನ್ನು ದೀಪಾವಳಿಗೆ ಇಟ್ಟುಕೊಳ್ಳಬಹುದು ಎಂಬುದು ಬರೆಯುವವರಿಗೆ ಗೊತ್ತಿರಬೇಕು.

ಬೇಗನೆ ಆಡಬಾರದ ಸುದ್ದಿಯೂ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು ಕೊಚ್ಚಿಹೋಯಿತು. ನದಿ ದಂಡೆಯವರಿಗೆ ಪ್ರವಾಹದ ಭಯ, ಕಾಲುವೆ ಕೆಳಗಿನವರಿಗೆ ಭತ್ತದ ಚಿಂತೆ. ಆ ವಾರ ಗೇಟಿನ ಬಗ್ಗೆ ಹಾಸ್ಯ ಮಾಡುವುದು ಸಾವಿನ ಮನೆಯಲ್ಲಿ ಕುಣಿದಂತೆ. ಒಂದು ವಾರದೊಳಗೆ ತಾತ್ಕಾಲಿಕ ಸ್ಟಾಪ್‌ಲಾಗ್ ಅಳವಡಿಸಿ ನೀರು ನಿಂತ ಮೇಲೆ ಜನ ಉಸಿರು ಬಿಟ್ಟರು, ಅಷ್ಟರಲ್ಲಿ ಅಣೆಕಟ್ಟಿನತ್ತ ಸಾಲುಗಟ್ಟಿದ ಕಾರುಗಳು, ಪರಿಶೀಲನೆಯ ಫೋಟೊಗಳು, ಪರಸ್ಪರ ದೂಷಣೆಗಳು ರಾಶಿ ಬಿದ್ದಿದ್ದವು. ಹಾಸ್ಯಕ್ಕೆ ವಸ್ತುವಾಗುವುದು ಗೇಟು ಮುರಿದದ್ದಲ್ಲ, ಗೇಟು ಮುರಿದ ಮೇಲೆ ದೊಡ್ಡವರು ನಡೆದುಕೊಂಡ ರೀತಿ. ಬೆಳೆಹಾನಿ, ರೈತನ ಆತ್ಮಹತ್ಯೆ, ರಸ್ತೆ ಅಪಘಾತ, ಇವುಗಳಲ್ಲಿ ನೊಂದವರು ಸ್ಟೇಜಿನ ಮುಂದೆಯೇ ಕೂತಿರಬಹುದು ಎಂಬುದು ಹಳ್ಳಿಯ ತಂಡಕ್ಕೆ ಯಾವಾಗಲೂ ನೆನಪಿರಬೇಕು. ನಗರದ ತಂಡಕ್ಕೆ ಈ ಚಿಂತೆ ಕಡಿಮೆ.

ಸುದ್ದಿ ಸಿಕ್ಕಿತೆಂದರೆ ಪ್ರಹಸನ ಸಿಕ್ಕಿತೆಂದಲ್ಲ. ಸುದ್ದಿಯನ್ನು ಸನ್ನಿವೇಶವಾಗಿ ತಿರುಗಿಸಬೇಕು, ಹೊಸ ತಂಡಗಳು ಹೆಚ್ಚಾಗಿ ಬಿಟ್ಟುಬಿಡುವ ಹೆಜ್ಜೆಯೇ ಇದು. ಇಬ್ಬರು ನಿಂತು ‘ಹಿಂಗಾತಂತಲ್ಲೋ’, ‘ಹೌದಂತಪಾ’ ಎಂದು ಮಾತಾಡಿದರೆ ಅದು ಹರಟೆ. ಹರಟೆಗೆ ಬೇರೆ ಕಲೆಯೇ ಇದೆ. ಪ್ರಹಸನದಲ್ಲಿ ಯಾರಿಗೋ ಏನೋ ಬೇಕಾಗಿರಬೇಕು, ಅದು ಸಿಗದಂತೆ ಏನೋ ಅಡ್ಡ ಬರಬೇಕು. ಅನುಭವಸ್ಥರು ಬಳಸುವ ಒಂದು ಉಪಾಯ ಹೀಗಿದೆ: ಇಡೀ ಪ್ರಹಸನದಲ್ಲಿ ಒಂದೇ ಒಂದು ಸುಳ್ಳು ಹೇಳಬೇಕು, ಉಳಿದದ್ದೆಲ್ಲ ಪಕ್ಕಾ ನಿಜವಿರಬೇಕು.

ಈ ಸೀಮೆಯವರಿಗೆ ಬಾಯಿಪಾಠವಾಗಿರುವ ಸುದ್ದಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಬಳಕೆಯಾಗಿ, ಅಕ್ರಮವಾಗಿಯೂ ಎತ್ತಲ್ಪಟ್ಟು, ಕೊನೆಭಾಗದ ಹೊಲಗಳಿಗೆ ಸಾಕಷ್ಟು ತಲುಪುವುದಿಲ್ಲ ಎಂಬುದು ಹಳೆಯ ದೂರು. ‘ಕೊನೆಭಾಗಕ್ಕೆ ನೀರು ತಲುಪಿಸುತ್ತೇವೆ’ ಎಂಬ ಭರವಸೆಯೂ ಅಷ್ಟೇ ಹಳೆಯದು. ಇಲ್ಲಿ ಹೇಳುವ ಒಂದು ಸುಳ್ಳು: ನೀರು ಒಬ್ಬ ವಿಐಪಿ. ಅಷ್ಟು ಒಪ್ಪಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ, ಏಕೆಂದರೆ ವಿಐಪಿ ಬರುವಾಗ ಏನೇನು ನಡೆಯುತ್ತದೆ ಎಂಬುದನ್ನು ಪ್ರತಿ ಹಳ್ಳಿಯೂ ಕಣ್ಣಾರೆ ಕಂಡಿದೆ. ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ, ಮಧ್ಯಾಹ್ನ ಎರಡಾದರೂ ಸುಳಿವಿಲ್ಲ. ಪೆಂಡಾಲಿನಲ್ಲಿ ಶಾಲೆ ಮಕ್ಕಳು, ಹಾರ, ಡೊಳ್ಳು. ಸ್ವಾಗತ ಸಮಿತಿ ಅಧ್ಯಕ್ಷ ಮೈಕ್ ಬಿಡುತ್ತಿಲ್ಲ. ನೀರಿನ ಪಿಎ ಮಾತ್ರ ಫೋನಿನಲ್ಲಿ ಸಿಗುತ್ತಾನೆ.

‘ಸಾಹೇಬ್ರು ಎಲ್ಲಿಗೆ ಬಂದಾರ್ರೀ?’

‘ಕಾರಟಗಿ ದಾಟ್ಯಾರ. ದಾರ್ಯಾಗ ಅಭಿಮಾನಿಗಳು ಪೈಪ್ ಹಚ್ಚಿ ನಿಂದ್ರಿಸ್ಯಾರ.’

‘ಇಲ್ಲಿ ಮಂದಿ ಕಾಯಾಕತ್ಯಾರ್ರೀ!’

‘ಕಾಯ್ಲಿ ಬಿಡ್ರಿ, ಅವರಿಗೇನು ಹೊಸದೇನ್ರಿ?’

ಇಲ್ಲಿ ಯಾರೂ ಹಾಸ್ಯ ಮಾಡಲು ಹೊರಟಿಲ್ಲ. ಪಾತ್ರಗಳೆಲ್ಲ ಗಂಭೀರವಾಗಿಯೇ ಇವೆ, ಅಧ್ಯಕ್ಷನಿಗೆ ನಿಜವಾಗಿ ಗಾಬರಿಯಾಗಿದೆ. ಪೈಪ್ ಹಚ್ಚಿದ ಅಭಿಮಾನಿಗಳೆಂದರೆ ಯಾರೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಹೇಳಿದರೆ ನಗು ಕೆಡುತ್ತದೆ, ಮೇಲಾಗಿ ಮೇಲ್ಭಾಗದವರ ಸಂಬಂಧಿಕರೂ ಅಲ್ಲೇ ಕೂತಿರುತ್ತಾರೆ. ಕೊನೆಗೆ ಹುಡುಗನೊಬ್ಬ ಒಂದೇ ಒಂದು ತಂಬಿಗೆ ನೀರನ್ನು ಮೆರವಣಿಗೆಯಲ್ಲಿ ಹೊತ್ತು ತರುತ್ತಾನೆ. ಅಧ್ಯಕ್ಷ ಕೈಮುಗಿದು ಸ್ವಾಗತ ಭಾಷಣ ಶುರು ಮಾಡುತ್ತಾನೆ, ಭಾಷಣ ಉದ್ದವಾಗುತ್ತ ಗಂಟಲು ಒಣಗುತ್ತದೆ. ಮಾತಿನ ಭರದಲ್ಲೇ ತಂಬಿಗೆ ಎತ್ತಿ ಗಟಗಟ ಕುಡಿದುಬಿಡುತ್ತಾನೆ. ಪ್ರಹಸನ ಅಲ್ಲಿಗೆ ಮುಗಿಯಬೇಕು. ಅದಾದ ಮೇಲೆ ಒಬ್ಬ ಮುಂದೆ ಬಂದು ‘ನೋಡಿದಿರಾ ಬಂಧುಗಳೇ, ರೈತರ ನೀರನ್ನು ಹೀಗೆ ಕುಡಿಯುತ್ತಿದ್ದಾರೆ’ ಎಂದರೆ ಇಡೀ ಶ್ರಮ ನೀರುಪಾಲು. ಬೀದಿನಾಟಕದ ಅಭ್ಯಾಸದಿಂದ ಬಂದ ತಂಡಗಳಿಗೆ ಈ ಚಾಳಿ ಬಿಡಿಸುವುದು ಕಷ್ಟ.

ಮುಕ್ತಾಯವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹೆಚ್ಚಿನ ಹವ್ಯಾಸಿ ಪ್ರಹಸನಗಳು ಚೆನ್ನಾಗಿ ಶುರುವಾಗಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೊಡೆದಾಟದಲ್ಲಿಯೋ ಡಾನ್ಸಿನಲ್ಲಿಯೋ ಮುಗಿಯುತ್ತವೆ. ತಂಬಿಗೆಯ ಕೊನೆ ಗೊತ್ತಿದ್ದರೆ ಅಧ್ಯಕ್ಷನಿಗೆ ಮಾತಿನ ಚಟ ಇರಬೇಕೆಂಬುದು, ಪೆಂಡಾಲಿನಲ್ಲಿ ಸೆಕೆ ಇರಬೇಕೆಂಬುದು, ಕುಡಿಯುವ ನೀರಿಗೆ ಅವನು ಒಮ್ಮೆ ಕೇಳಿ ಸಿಗದೆ ಹೋಗಬೇಕೆಂಬುದು ಹಿಂದಿನಿಂದ ಹೊಳೆಯುತ್ತದೆ. ಹೀಗೆ ಮುಂಚೆಯೇ ಬಿತ್ತಿದ್ದು ಕೊನೆಗೆ ಫಲ ಕೊಟ್ಟಾಗ ಜನ ನಗುವುದಷ್ಟೇ ಅಲ್ಲ, ಚಪ್ಪಾಳೆಯನ್ನೂ ಹೊಡೆಯುತ್ತಾರೆ.

ಒಂದು ಸಂಜೆಯ ಕಾರ್ಯಕ್ರಮಕ್ಕೆ ಇಂಥ ಏಳೆಂಟು ತುಣುಕುಗಳು ಬೇಕು, ಒಬ್ಬನ ತಲೆಯಿಂದ ವಾರದೊಳಗೆ ಅಷ್ಟು ಬರುವುದು ಕಷ್ಟ. ಕೂಡಿ ಬರೆಯುವ ಪದ್ಧತಿ ಹುಟ್ಟಿದ್ದು ಈ ಅನಿವಾರ್ಯದಿಂದ. 1942ರಲ್ಲಿ ಹಾಸ್ಯ ಲೇಖಕ ರಾಶಿಯವರು ಆರಂಭಿಸಿದ ‘ಕೊರವಂಜಿ’ ಹಾಸ್ಯ ಪತ್ರಿಕೆ ಬೇರೆಬೇರೆ ಉದ್ಯೋಗದಲ್ಲಿದ್ದ ಹವ್ಯಾಸಿಗಳ ಬರಹದಿಂದಲೇ 1967ರವರೆಗೆ ಕನ್ನಡಿಗರನ್ನು ನಗಿಸಿತು. ಸಂಪಾದಕರೇ ವೃತ್ತಿಯಿಂದ ವೈದ್ಯರು. ಬ್ರಿಟನ್ನಿನ ಬಿಬಿಸಿ ರೇಡಿಯೊದಲ್ಲಿ 1970ರಿಂದ 1998ರವರೆಗೆ ನಡೆದ ‘ವೀಕ್ ಎಂಡಿಂಗ್’ ಎಂಬ ವಾರದ ಸುದ್ದಿ ಹಾಸ್ಯವಂತೂ ಹೊಸಬರು ಯಾರು ಬರೆದು ತಂದರೂ ನೋಡುತ್ತಿತ್ತು, ಅಲ್ಲಿನ ಎಷ್ಟೋ ಹಾಸ್ಯ ಬರಹಗಾರರ ಮೊದಲ ಸಾಲುಗಳು ಅಲ್ಲೇ ಪ್ರಸಾರವಾದವು. ದೆಹಲಿಯ ಜನ ನಾಟ್ಯ ಮಂಚ್ 1978ರಲ್ಲಿ ಆಡಿದ ‘ಮಷೀನ್’ ಬೀದಿನಾಟಕವನ್ನು ಬರೆದವರೂ ಇಬ್ಬರು, ಸಫ್ದರ್ ಹಾಶ್ಮಿ ಮತ್ತು ರಾಕೇಶ್ ಸಕ್ಸೇನಾ. ಅದು ಹಾಸ್ಯನಾಟಕವಲ್ಲವಾದರೂ ವಸ್ತು ಹಿಡಿದ ಬಗೆ ಗಮನಿಸುವಂಥದ್ದು: ಕಾರ್ಖಾನೆಯೊಂದರ ಕಾರ್ಮಿಕರು ಕೇಳಿದ್ದು ಸೈಕಲ್ ಸ್ಟ್ಯಾಂಡು ಮತ್ತು ಚಹಾದ ಕ್ಯಾಂಟೀನು, ಅಷ್ಟೇ. ದೊಡ್ಡ ವಿಷಯವನ್ನು ಹೇಳಲು ಸಣ್ಣ ವಸ್ತುವೇ ಸಾಕಾಗುತ್ತದೆ.

ಕೂಡಿ ಬರೆಯುವುದೆಂದರೆ ಎಲ್ಲರೂ ಪೆನ್ನು ಹಿಡಿಯುವುದಲ್ಲ. ಐದಾರು ಮಂದಿ ಸೇರಿ ಮಾತಾಡಬೇಕು, ಬರೆಯುವವನು ಒಬ್ಬನೇ ಇರಬೇಕು. ಕೈಲಾಸಂ ತಮ್ಮ ನಾಟಕಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸುತ್ತಿದ್ದರು. ಅವುಗಳ ಮಾತು ಅಷ್ಟು ಜೀವಂತವಾಗಿರಲು ಅದೂ ಒಂದು ಕಾರಣ: ಬಾಯಿಂದ ಹುಟ್ಟಿದ ಸಾಲು ಬಾಯಿಗೆ ಸುಲಭವಾಗಿ ಹೊರಳುತ್ತದೆ. ಊರ ತಂಡದಲ್ಲೂ ಮೊದಲು ಆಡಿ, ಆಮೇಲೆ ಬರೆದುಕೊಳ್ಳುವುದೇ ಲೇಸು. ಯಾರು ಅಧ್ಯಕ್ಷನ ಪಾರ್ಟು ಮಾಡುತ್ತಾನೋ ಅವನು ಎದ್ದು ಮಾತಾಡಲಿ, ಪಿಎ ಉತ್ತರ ಕೊಡಲಿ, ಬರೆಯುವವನು ನಗು ಬಂದ ಸಾಲನ್ನಷ್ಟೇ ಹಿಡಿದುಕೊಳ್ಳಲಿ.

ಮೊದಲ ಬೈಠಕ್ಕಿನಲ್ಲಿ ಬರುವ ಹಾಸ್ಯಗಳಲ್ಲಿ ಮುಕ್ಕಾಲು ಪಾಲು ಬಿಸಾಡುವಂಥವು. ತಂಡದ ಎಲ್ಲರಿಗೂ ಕೂಡಲೇ ಹೊಳೆದದ್ದು ಪ್ರೇಕ್ಷಕರಿಗೂ ಹೊಳೆದಿರುತ್ತದೆ. ವಾಟ್ಸ್ಆ್ಯಪ್‌ನಲ್ಲಂತೂ ಮೂರು ದಿನದ ಹಿಂದೆಯೇ ಸುತ್ತಿ ಬಂದಿರುತ್ತದೆ. ಫಾರ್ವರ್ಡ್ ಆದ ಜೋಕನ್ನು ಸ್ಟೇಜಿನ ಮೇಲೆ ಹೇಳಿದವನಿಗೆ ಹಿಂದಿನ ಸಾಲಿನಿಂದಲೇ ಅದರ ಕೊನೆ ಕೇಳಿಬರುವ ಅಪಾಯವಿದೆ. ಎರಡನೆಯ ದಿನ ಉಳಿದದ್ದನ್ನು ಎತ್ತಿಕೊಂಡು ‘ಹಾಗಾದರೆ ಮುಂದೇನು’ ಎಂದು ಕೇಳುತ್ತ ಹೋಗಬೇಕು. ಯಾರ ಸಾಲು ಉಳಿಯಿತು, ಯಾರದು ಹೋಯಿತು ಎಂಬ ಲೆಕ್ಕ ಶುರುವಾದರೆ ತಂಡ ಒಡೆಯುವುದು ಖಚಿತ. ಅದಕ್ಕಾಗಿಯೇ ಹೊಡೆದುಹಾಕುವ ಕೆಲಸವನ್ನು ಎಲ್ಲರೂ ಒಪ್ಪಿದ ಒಬ್ಬ ಹಿರಿಯನಿಗೆ, ಸಾಮಾನ್ಯವಾಗಿ ನಾಟಕದ ಮಾಸ್ತರನಿಗೋ ಶಾಲೆಯ ಮೇಷ್ಟ್ರಿಗೋ, ವಹಿಸಿಬಿಡಬೇಕು. ಬರೆದವರ ಹೆಸರನ್ನು ಬಿಡಿಬಿಡಿಯಾಗಿ ಹೇಳದೆ ತಂಡದ ಹೆಸರನ್ನೇ ಹೇಳುವುದು ಶಾಂತಿಗೆ ಒಳ್ಳೆಯದು.

ಭಾಷೆಯ ವಿಷಯದಲ್ಲಿ ಸಿಂಧನೂರು ಸೀಮೆ ಶ್ರೀಮಂತ. ನೀರಾವರಿ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರ ತೆಲುಗು, ಪೇಟೆಯ ಉರ್ದು, ಪುನರ್ವಸತಿ ಕ್ಯಾಂಪುಗಳಲ್ಲಿರುವ ಬಂಗಾಳಿ, ಹಟ್ಟಿ ಚಿನ್ನದ ಗಣಿಯ ಸುತ್ತ ಸೇರಿದ ನಾನಾ ಕಡೆಯ ಮಾತು, ಇವೆಲ್ಲದರ ನಡುವೆ ರಾಯಚೂರಿನ ಕನ್ನಡ. ಒಂದೇ ಸಂತೆಯಲ್ಲಿ ನಾಲ್ಕು ಭಾಷೆಯಲ್ಲಿ ಚೌಕಾಸಿ ನಡೆಯುವ ಊರಿನಲ್ಲಿ ಮಾತಿನ ಗೊಂದಲವೇ ಸಾಕಷ್ಟು ನಗೆ ಹುಟ್ಟಿಸಬಲ್ಲದು. ಅಷ್ಟೇ ಬೇಗ ಹಳಿ ತಪ್ಪಲೂಬಲ್ಲದು. ಇಬ್ಬರೂ ಅಪಾರ್ಥ ಮಾಡಿಕೊಂಡು ಇಬ್ಬರೂ ಪೇಚಿಗೆ ಸಿಕ್ಕರೆ ಅದು ಹಾಸ್ಯ. ಕ್ಯಾಂಪಿನವನ ಉಚ್ಚಾರಣೆಯನ್ನು ಅಣಕಿಸಿ ಅವನೊಬ್ಬನನ್ನೇ ಪೆದ್ದನನ್ನಾಗಿಸಿದರೆ ಅದು ಅವಮಾನ.

ಯಾರನ್ನು ನೋಡಿ ನಗಬೇಕು ಎಂಬ ಪ್ರಶ್ನೆಯನ್ನು ಬರೆಯುವವರು ಪ್ರತಿ ಸುದ್ದಿಗೂ ಕೇಳಿಕೊಳ್ಳಬೇಕಾಗುತ್ತದೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದ ಸ್ಟೇಜುಗಳೆಲ್ಲ ಬಸ್ಸಾಗಿಬಿಟ್ಟವು. ಅವುಗಳಲ್ಲಿ ಬಹುಪಾಲು ಪ್ರಹಸನಗಳು ಸೀರೆ ಉಟ್ಟ ಗಂಡಸರು ಸೀಟಿಗಾಗಿ ಜಗಳವಾಡುವುದರಲ್ಲೇ ಮುಗಿದವು. ಅದೇ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹರಿದು ಹರಿದು ಬೆರಳು ನೋಯಿಸಿಕೊಂಡ ಕಂಡಕ್ಟರ್ ಇದ್ದ, ತವರಿಗೆ ಹೊರಟ ಹೆಂಡತಿಯ ಆಧಾರ್ ಕಾರ್ಡ್ ಬಚ್ಚಿಟ್ಟ ಗಂಡನಿದ್ದ, ಯೋಜನೆಯನ್ನು ಬೈಯುತ್ತಲೇ ಹೆಂಡತಿಯ ಕೈಲಿ ತನ್ನ ಕೆಲಸಗಳನ್ನೆಲ್ಲ ಪೇಟೆಗೆ ಕಳಿಸುವ ಯಜಮಾನನಿದ್ದ. ಅವರತ್ತ ನೋಡಿದವರು ಕಡಿಮೆ. ಹೆಣ್ಣುಪಾರ್ಟಿಗೆ ಗಂಡಸು ಸೀರೆ ಉಡುವುದು ಹಳ್ಳಿಯ ನಾಟಕದಲ್ಲಿ ಹಳೆಯ ಅನಿವಾರ್ಯ. ಆದರೆ ಸೀರೆಯೇ ಹಾಸ್ಯವಾಗಿಬಿಟ್ಟರೆ ಬರವಣಿಗೆ ಸೋತಿದೆಯೆಂದೇ ಅರ್ಥ.

ಬರೆದದ್ದು ಸ್ಟೇಜಿಗೆ ಬರುವ ಹೊತ್ತಿಗೆ ಇನ್ನಷ್ಟು ಕಡಿಮೆಯಾಗಬೇಕು. ಬಯಲಿನಲ್ಲಿ, ತೂಗುಬಿಟ್ಟ ಮೈಕಿನ ಕೆಳಗೆ, ಮಿರ್ಚಿ ಅಂಗಡಿಯ ಗದ್ದಲದ ನಡುವೆ ಸೂಕ್ಷ್ಮವಾದ ಮಾತು ಯಾರಿಗೂ ಕೇಳಿಸುವುದಿಲ್ಲ. ಕಾಣುವ ಹಾಸ್ಯವೇ ಅಲ್ಲಿ ಗಟ್ಟಿ. ಆಳೆತ್ತರದ ಹಾರ, ಮೆರವಣಿಗೆಯಲ್ಲಿ ಬರುವ ಒಂದೇ ತಂಬಿಗೆ ಕೊನೆಯ ಸಾಲಿನವರಿಗೂ ಕಾಣುತ್ತದೆ. ಜನ ನಗುವಾಗ ನಟರು ಬಾಯಿ ಮುಚ್ಚಿಕೊಂಡು ಕಾಯಬೇಕು, ಇಲ್ಲದಿದ್ದರೆ ಮುಂದಿನ ಸಾಲು ನಗೆಯಲ್ಲಿ ಮುಳುಗುತ್ತದೆ. ತಾಲೀಮಿನಲ್ಲಿ ಇದನ್ನು ಕಲಿಸುವವರೇ ಕಡಿಮೆ, ಏಕೆಂದರೆ ತಾಲೀಮಿನಲ್ಲಿ ನಗುವವರು ಇರುವುದಿಲ್ಲ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ಬಲವಾದ ತುಣುಕು ಕೊನೆಗಿರಲಿ, ಅದಕ್ಕೆ ಸಮೀಪದ್ದು ಮೊದಲಿಗಿರಲಿ. ಪರೀಕ್ಷೆಗೆಂದು ಬರೆದ ಹೊಸದನ್ನು ನಡುವೆ ಹಾಕಬಹುದು. ಒಂದೆರಡು ಪಾತ್ರಗಳು, ಉದಾಹರಣೆಗೆ ಆ ಪಿಎ, ಬೇರೆ ತುಣುಕುಗಳಲ್ಲೂ ಇಣುಕಿ ಹೋದರೆ ಇಡೀ ಸಂಜೆಗೆ ಒಂದು ಹೊಂದಿಕೆ ಬರುತ್ತದೆ. ಪ್ರದರ್ಶನದ ದಿನ ಬೆಳಗಿನ ಪತ್ರಿಕೆ ನೋಡಿ ಎರಡು ಮೂರು ಸಾಲು ಬದಲಿಸಿಕೊಂಡರೆ ಸಾಕು. ಅದಕ್ಕಿಂತ ಹೆಚ್ಚು ಬದಲಿಸಿದರೆ ಪಾರ್ಟುದಾರರು ಮಾತು ಮರೆಯುತ್ತಾರೆ.

ಕಾನೂನಿನ ಗೆರೆಗಳೂ ಇವೆ. ಸುದ್ದಿಯ ಮೇಲಿನ ಹಾಸ್ಯಕ್ಕೆ ಅಧಿಕಾರ ಹೆದರುವುದು ಹಳೆಯ ಕಥೆ. ವೇಲ್ಸ್ ರಾಜಕುಮಾರ ಕಲ್ಕತ್ತೆಗೆ ಬಂದಾಗ ಅವನನ್ನು ತನ್ನ ಮನೆಯ ಅಂತಃಪುರದವರೆಗೂ ಕರೆದೊಯ್ದ ವಕೀಲನೊಬ್ಬನನ್ನು ಅಣಕಿಸಿ 1876ರಲ್ಲಿ ಅಲ್ಲಿ ಒಂದು ಪ್ರಹಸನ ಆಡಿದ್ದೇ ಬ್ರಿಟಿಷ್ ಸರ್ಕಾರ ಅದೇ ವರ್ಷ ನಾಟಕ ಪ್ರದರ್ಶನ ಕಾಯ್ದೆ ತರಲು ನೆಪವಾಯಿತು. ಆ ಕೇಂದ್ರ ಕಾಯ್ದೆ ಈಗ ರದ್ದಾಗಿದೆ. ಈಗಿನ ತಂಡಗಳು ನೆನಪಿಡಬೇಕಾದವು ಬೇರೆ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಮತದಾನ ಮುಗಿಯುವ ಮುಂಚಿನ 48 ಗಂಟೆಗಳಲ್ಲಿ ನಾಟಕ, ಸಂಗೀತದ ಮೂಲಕ ಚುನಾವಣಾ ಪ್ರಚಾರ ಮಾಡುವಂತಿಲ್ಲವೆಂದು ಜನತಾ ಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ ಹೇಳುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಲು ನಿರ್ಬಂಧವಿದೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಅಪರಾಧ.

ಕಾನೂನಿಗಿಂತ ಮುಂಚೆ ಊರಿನ ಲೆಕ್ಕವಿದೆ. ಹುದ್ದೆಯನ್ನು ಹಾಸ್ಯ ಮಾಡಬಹುದು, ವ್ಯಕ್ತಿಯ ಮನೆವಾರ್ತೆಯನ್ನಲ್ಲ. ಅಧ್ಯಕ್ಷನೆಂಬ ಪಾತ್ರ ಊರಿನ ನಿಜವಾದ ಅಧ್ಯಕ್ಷರ ಹಾಗೆ ಕುಂಟಿದರೆ, ತೊದಲಿದರೆ ಆ ಕ್ಷಣಕ್ಕೆ ಭಾರಿ ನಗು ಬರುತ್ತದೆ, ಮರುದಿನ ಪಂಚಾಯ್ತಿ ಕೂರುತ್ತದೆ. ಜಾತಿಯ ಹೆಸರು, ಜಾತಿಯನ್ನು ಸೂಚಿಸುವ ಕಸುಬು, ದೇಹದ ಬಣ್ಣ, ಅಂಗವೈಕಲ್ಯ, ಇವು ಬೇಡವೇ ಬೇಡ. ವಿಶ್ವವಿದ್ಯಾಲಯಗಳ ಯುವಜನೋತ್ಸವದ ನಿಯಮಗಳು ಇದನ್ನು ಬರೆದೇ ಇಟ್ಟಿವೆ: ಸ್ಕಿಟ್‌ಗೆ ಹೆಚ್ಚೆಂದರೆ ಆರು ಮಂದಿ, ಹತ್ತು ನಿಮಿಷ, ವೈಯಕ್ತಿಕ ನಿಂದೆ ಮತ್ತು ಅಶ್ಲೀಲಕ್ಕೆ ಅವಕಾಶವಿಲ್ಲ, ಸಾರಾಂಶವನ್ನು ಮುಂಚಿತವಾಗಿ ಒಪ್ಪಿಸಬೇಕು. ಸ್ಪರ್ಧೆಗೆ ಹೋಗದ ತಂಡವೂ ಈ ಚೌಕಟ್ಟಿನಲ್ಲಿ ಬರೆದು ನೋಡಬಹುದು. ಹತ್ತು ನಿಮಿಷದ ಮಿತಿಯೇ ಅರ್ಧ ಸಂಪಾದಕನ ಕೆಲಸ ಮಾಡುತ್ತದೆ.

ಪ್ರದರ್ಶನ ಮುಗಿದ ಮೇಲೆ ಹಾಳೆಗಳನ್ನು ಎಸೆಯದೆ ದಿನಾಂಕ ಹಾಕಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳುವ ತಂಡಗಳು ಬೆರಳೆಣಿಕೆಯಷ್ಟು. ಯಾವ ಸಾಲಿಗೆ ನಗು ಬಂತು, ಯಾವುದಕ್ಕೆ ಬರಲಿಲ್ಲ ಎಂದು ಅಂಚಿನಲ್ಲಿ ಗುರುತು ಮಾಡಿಟ್ಟರೆ ಮುಂದಿನ ಬರವಣಿಗೆಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಹೆಸರುಗಳೂ ಸುದ್ದಿಗಳೂ ಹಳಸುತ್ತವೆ, ಕಟ್ಟು ಹಳಸುವುದಿಲ್ಲ. ಕೊನೆಭಾಗದ ನೀರಿನ ಪ್ರಹಸನವನ್ನು ಒಮ್ಮೆ ಸರಿಯಾಗಿ ಬರೆದಿಟ್ಟ ತಂಡ ಪ್ರತಿ ವರ್ಷ ಕಾಲುವೆಗೆ ನೀರು ಬಿಡುವ ಹೊತ್ತಿಗೆ ನಾಲ್ಕು ಸಾಲು ಬದಲಿಸಿ ಮತ್ತೆ ಆಡಬಹುದು.